ಬಾಯಿ ಬಿಡದ ಗಂಡುಮೀನು

ಟ್ರಾನ್ಸ್‌ಫಾರ್ಮರ್ ಢಮಾರ್ ಎಂದ ಕೂಡಲೇ ದುರುಗಕ್ಕ ಜಗಲಿಯಿಂದ ಎದ್ದು ಒಳಗೆ ಓಡಿದಳು. ಮೀನಿನ ತೊಟ್ಟಿಯ ಪಂಪು ಇನ್ವರ್ಟರಿನಲ್ಲಿ ಇನ್ನೂ ತಿರುಗುತ್ತಿತ್ತು. ಒಳಕೋಣೆಯಲ್ಲಿ ಗಂಡ ಪೆದ್ದಣ್ಣನ ಆಕ್ಸಿಜನ್ ಮೆಷಿನ್ನು, ಹಗಲಿರುಳು ಹಿಟ್ಟಿನ ಗಿರಣಿಯಂತೆ ಗುರ್ರೆನ್ನುತ್ತಿದ್ದದ್ದು, ಈಗ ನಿಂತುಹೋಗಿ ಕೀ ಎಂದು ಕೂಗುತ್ತಿತ್ತು.

ಫೋನ್ ಬಂತು. ರಾಂಪುರಕ್ಕೆ ಹೋಗಿದ್ದ ಮಗ ದುರುಗೇಶ.

“ಅವ್ವಾ, ಕರೆಂಟ್ ಹೋಗೈತಂತೆ. ಇನ್ವರ್ಟರ್ ಎರಡನ್ನೂ ತಡೆಯಲ್ಲ. ಪಂಪಿನ ಪ್ಲಗ್ ಕಿತ್ತು ಅಪ್ಪನ ಮೆಷಿನ್ದು ಅಲ್ಲಿಗೆ ಹಾಕು. ಬೇಗ. ಅದಿಲ್ದಿದ್ರೆ ಅಪ್ಪ ಉಳಿಯಲ್ಲ.”

“ಮೀನು ಸಾಯ್ತಾವಲ್ಲೋ.”

“ಚೊಂಬಲ್ಲಿ ನೀರು ಮೊಗೆದು ಎತ್ತರದಿಂದ ಸುರೀತಿರು, ಗಾಳಿ ಸೇರ್ತೈತೆ. ನಿಲ್ಲಿಸಬೇಡ. ನಾನು ಹೊಂಟೆ.”

“ನೀ ಬರೋಗಂಟ ಕೈ ತೆಗೆಯಲ್ಲ, ಬಾ.”

ಪಂಪಿನ ಪ್ಲಗ್ಗು ಕಿತ್ತಳು. ಒಳಕೋಣೆಗೆ ಹೋಗಿ ಬಂದಳು. ಬರುವಾಗ ಬಾಗಿಲು ಎಳೆದುಕೊಂಡಳು. ಮೆಷಿನ್ನಿನ ಕೂಗು ಕೇಳಿಸದಾಯಿತು.

ಚೊಂಬು ಏಳತೊಡಗಿತು, ಇಳಿಯತೊಡಗಿತು.

ಸಮುದ್ರದ ಮೀನುಗಳು, ಕಾರ್ಡಿನಲ್ ಅಂತ ಹೆಸರು. ಬೆಳ್ಳಿ ಮೈ, ಕಪ್ಪು ಪಟ್ಟೆ. ಬೇರೆ ಮೀನನ್ನು ಕಚ್ಚದ ಸಾಧು ಜಾತಿ. ದುರುಗೇಶ ಉಪ್ಪಿನ ಪುಡಿ ಕಲಸಿದ ನೀರಲ್ಲಿ ಅವನ್ನು ಮರಿ ಮಾಡಿಸಿ ಮಾರುತ್ತಿದ್ದ. ಮೂಲೆಯಲ್ಲೊಂದು ಗಂಡು ದವಡೆ ಉಬ್ಬಿಸಿಕೊಂಡು ನಿಂತಿತ್ತು. ವಾರದಿಂದ ತುತ್ತು ಮುಟ್ಟಿಲ್ಲ.

“ಹೆಣ್ಣು ಮೊಟ್ಟೆ ಇಟ್ಟು ಹೋಗ್ತೈತವ್ವ. ಮರಿ ಈಜೋವರೆಗೂ ಗಂಡೇ ಬಾಯಾಗೆ ಇಟ್ಕಂಡು ಉಪಾಸ ಇರ್ತೈತೆ,” ಎಂದಿದ್ದ ಮಗ.

“ಗಂಡಾ? ಬಿಡ್ತು ಅನ್ನು!” ದುರುಗಕ್ಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದಳು. ಒಳಗಿನಿಂದ ಲೋಟ ಹಾರಿಬಂದು ಗೋಡೆಗೆ ಬಡಿದಿತ್ತು. ಅವಳ ಚೊಚ್ಚಲ ಬಸಿರು ಆರು ತಿಂಗಳಿಗೇ ಹೋಗಿತ್ತು, ಪೆದ್ದಣ್ಣನ ಒಂದೇ ಒದೆತಕ್ಕೆ. ಜಾರಿ ಬಿದ್ದಳೆಂದು ಊರಿಗೆಲ್ಲ ಹೇಳಿದ್ದ. ಅವಳೂ ಹಾಗೇ ಹೇಳಿದ್ದಳು.

ಕಿಟಕಿಯಲ್ಲಿ ಪಕ್ಕದ ಮನೆಯ ಬೊಮ್ಮಣ್ಣ ಇಣುಕಿದ.

“ಏನಕ್ಕಾ, ಮೀನಿಗೆ ಜಳಕಾನಾ?”

“ಇವುಕ್ಕೆ ಇದೇ ಕೊನೇ ಜಳಕ ಆಗದಿರ್ಲಿ ಅಂತ.”

“ಅಣ್ಣ ಹೆಂಗವ್ನೆ?”

“ಇನ್ನೂ ಬೈದಿಲ್ಲ.”

“ಹಂಗಾರೆ ಗುಣ ಆತು ಬಿಡು!” ನಗುತ್ತಾ ಹೋದ.

ಮನೆಯೊಳಗೆ ನೀರು ಬೀಳುವ ಸದ್ದೊಂದೇ. ಒಮ್ಮೆ ಮುರಿದು ಸೊಟ್ಟಗೆ ಕೂಡಿದ್ದ ಮಣಿಕಟ್ಟು ಸಿಡಿಯುತ್ತಿತ್ತು. ಸೀರೆ ಮೊಣಕಾಲವರೆಗೆ ತೊಯ್ದು ಉಪ್ಪುಪ್ಪಾಗಿತ್ತು. ಅವಳು ನಿಲ್ಲಿಸಲಿಲ್ಲ. ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದವು; ಆ ಗಂಡೊಂದು ಮಾತ್ರ ಬಾಯಿ ಬಿಗಿದೇ ಇತ್ತು.

“ಇನ್ನೊಂಚೂರು ತಡ್ಕಳಪ್ಪ,” ಎಂದಳು. “ನಾನೂ ತಡ್ಕಂಡೀನಿ.”

ಬಿಸಿಲು ವಾಲಿದ ಮೇಲೆ ಬೈಕು ಬಂತು. ದುರುಗೇಶ ಓಡಿಬಂದು ತೊಟ್ಟಿಗೆ ಮುಖವಿಟ್ಟ.

“ಒಂದೂ ಸತ್ತಿಲ್ಲ ಕಣವ್ವಾ!” ತಾಯಿಯ ಕೈಯಿಂದ ಚೊಂಬು ತೆಗೆದುಕೊಂಡ. ಬೆರಳು ಬಿಡಿಸಿಯೇ ತೆಗೆಯಬೇಕಾಯಿತು. “ಅಪ್ಪ?”

“ಮಲಗ್ಯಾನೆ.”

“ತೊಂದ್ರೆ ಏನೂ ಆಗ್ಲಿಲ್ವಾ?”

“ನಂಗೇನೂ ಆಗ್ಲಿಲ್ಲಪ್ಪ.”

ಅಷ್ಟರಲ್ಲಿ ಕರೆಂಟು ಬಂತು. ಮುಚ್ಚಿದ ಬಾಗಿಲ ಹಿಂದೆ, ಅಷ್ಟು ಹೊತ್ತೂ ನಿಂತೇ ಇದ್ದ ಮೆಷಿನ್ನು ಗುರ್ರೆಂದು ಶುರುವಾಯಿತು.