ಪಾದೋದಕದ ಬಟ್ಟಲು

ಮಾರತ್ತಹಳ್ಳಿಯ ಬಸ್ ಸ್ಟಾಪಿನಲ್ಲಿ ಅರ್ಧ ಗಂಟೆಯಿಂದ ಕಾಯುತ್ತಿದ್ದ ಸೌಮ್ಯಾಳಿಗೆ ತಟ್ಟನೆ ಬಟ್ಟಲಿನ ನೆನಪಾಯಿತು. ಎದುರಿಗೆ ಬಂದು ನಿಂತ ಬಿಟಿಎಸ್ ಬಸ್ಸನ್ನು ಬಿಟ್ಟು, ಹೆಗಲ ಬ್ಯಾಗು ಹೊತ್ತೇ ಮನೆಯತ್ತ ಓಡಿದಳು. ಮೂರು ಮಹಡಿ ಹತ್ತುವಾಗ ಮನಸ್ಸಿನಲ್ಲಿದ್ದದ್ದು ಒಂದೇ ಬೇಡಿಕೆ. ಅಜ್ಜಿಯ ಪೂಜೆ ಇನ್ನೂ ಮುಗಿದಿರಬಾರದು.

ಪೂಜೆ ಮುಗಿದಿತ್ತು. ಬಟ್ಟಲು ಖಾಲಿಯಾಗಿತ್ತು.

ಅದು ಅಂಗೈಯಗಲದ ಬೆಳ್ಳಿ ಬಟ್ಟಲು. ಎರಡು ತಿಂಗಳ ಹಿಂದೆ ರಾಣೆಬೆನ್ನೂರಿನಿಂದ ಬರುವಾಗ ಅಜ್ಜಿ ಲಕ್ಷ್ಮವ್ವ ಸೀರೆಯ ಮಡಿಕೆಯಲ್ಲಿ ಸುತ್ತಿ ತಂದದ್ದು. ದಿನಾ ಲಿಂಗಪೂಜೆ ಮಾಡಿ, ಲಿಂಗ ತೊಳೆದ ನೀರನ್ನು ಪಾದೋದಕವೆಂದು ಅದರಲ್ಲಿ ಕುಡಿದ ಮೇಲೆಯೇ ಅವರಿಗೆ ಚಹಾ, ತಿಂಡಿ. ಅಂಥ ಬಟ್ಟಲಿನಲ್ಲಿ ಹದಿನಾಲ್ಕು ವರ್ಷದ ಸೌಮ್ಯಾ ಈ ಬೆಳಿಗ್ಗೆ ತನ್ನ ಹಲ್ಲಿನ ಕ್ಲಿಪ್ಪನ್ನು ನೆನೆಹಾಕಿದ್ದಳು.

ಬೇಕೆಂದು ಮಾಡಿದ್ದಲ್ಲ. ತಿಂಡಿಗೆ ಮುಂಚೆ ಕ್ಲಿಪ್ ಬಿಚ್ಚಬೇಕು, ತಂತಿಯ ಸಂದುಗೊಂದುಗಳನ್ನೆಲ್ಲ ಬ್ರಷ್ಷಿನಿಂದ ಉಜ್ಜಬೇಕು, ಆಮೇಲೆ ಮಾತ್ರೆ ಕರಗಿಸಿದ ನೀರಿನಲ್ಲಿ ಇಪ್ಪತ್ತು ನಿಮಿಷ ಮುಳುಗಿಸಿಡಬೇಕು ಎಂದು ಹಲ್ಲಿನ ಡಾಕ್ಟರು ಹೇಳಿದ್ದರು. ನೀರು ಮೊದಲು ನೀಲಿಯಾಗಿ, ನಿಧಾನವಾಗಿ ತಿಳಿಯಾಗುತ್ತಿತ್ತು. ಕ್ಲಿಪ್ಪಿನ ಪ್ಲಾಸ್ಟಿಕ್ ಡಬ್ಬಿ ಇವತ್ತೇ ಕೈಜಾರಿ ಒಡೆದಿತ್ತು. ಅಜ್ಜಿ ಸ್ನಾನಕ್ಕೆ ಹೋಗಿದ್ದರು. ಸೌಮ್ಯಾ ಇದ್ದೊಂದು ಮಾತ್ರೆಯನ್ನು ಆ ಬಟ್ಟಲಿಗೇ ಹಾಕಿದಳು. ಬಚ್ಚಲ ಚಿಲಕದ ಸದ್ದು ಕೇಳಿದ್ದೇ ಕ್ಲಿಪ್ಪನ್ನು ಬಾಯಿಗೆ ಸೇರಿಸಿ, ಬಟ್ಟಲನ್ನು ದೇವರ ಗೂಡಿನಲ್ಲಿಟ್ಟು ಕಾಲಿಗೆ ಬುದ್ಧಿ ಹೇಳಿದ್ದಳು. ಗಾಬರಿಯಲ್ಲಿ ನೀರು ಚೆಲ್ಲುವುದು ಮರೆತೇ ಹೋಗಿತ್ತು.

ಆ ಮಾತ್ರೆಗಳದ್ದೇ ಒಂದು ರಗಳೆ. ತಿಂಗಳಿಗೆಂದು ತಂದ ಡಬ್ಬ ಈಚೆಗೆ ಹದಿನೈದು ದಿನಕ್ಕೇ ಬರಿದಾಗುತ್ತಿತ್ತು. ಎರಡೆರಡು ಹಾಕುತ್ತೀಯೇನೆಂದು ಅಮ್ಮ ಗದರಿದ್ದಳು. ಸೌಮ್ಯಾ ಆಣೆಯಿಟ್ಟರೂ ನಂಬಿರಲಿಲ್ಲ. ಅಜ್ಜಿಗಂತೂ ಕ್ಲಿಪ್ಪನ್ನು ಕಂಡರೇ ಆಗದು. ಬೂದಿಯಲ್ಲಿ ತಿಕ್ಕಿದ ತಮ್ಮ ಹಲ್ಲು ಎಪ್ಪತ್ತೆರಡನೇ ವಯಸ್ಸಿನಲ್ಲೂ ಮುತ್ತಿನಂತಿವೆ, ಈ ಎಂಜಲು ತಂತಿ ಯಾವ ಪುರುಷಾರ್ಥಕ್ಕೆ ಎಂದು ಮನೆಗೆ ಬಂದವರ ಮುಂದೆಲ್ಲ ಆಡಿಕೊಳ್ಳುತ್ತಿದ್ದರು.

ಸೌಮ್ಯಾ ಮಾತ್ರೆಯ ಡಬ್ಬ ತಿರುಗಿಸಿ ನೋಡಿದಳು. ನುಂಗಬಾರದು ಎಂದು ಕೆಂಪಕ್ಷರದಲ್ಲಿ ಬರೆದಿತ್ತು.

ಅಷ್ಟರಲ್ಲಿ ಅಜ್ಜಿ ಅಡುಗೆಮನೆಯಿಂದ ಹೊರಬಂದರು. ಮೊಮ್ಮಗಳನ್ನು ಕಂಡದ್ದೇ ಬೆಚ್ಚಿಬಿದ್ದು ಸೆರಗನ್ನು ಬಾಯಿಗೆ ಒತ್ತಿಕೊಂಡರು.

"ಅಜ್ಜಿ, ಬಟ್ಟಲಲ್ಲಿದ್ದ ನೀರು ಏನಾಯ್ತು?"

ಅಜ್ಜಿ ಶಾಲೆಗೆ ಹೋಗು ಎನ್ನುವಂತೆ ಕೈಬೀಸಿದರು. ಗೋಡೆಯ ಕಡೆ ಮುಖ ಮಾಡಿಕೊಂಡೇ ಸರಸರನೆ ಕೋಣೆ ಸೇರಿ ಚಿಲಕ ಹಾಕಿಕೊಂಡರು. ಒಂದು ಕೇಳಿದರೆ ಹತ್ತು ಹೇಳುವ ಅಜ್ಜಿ ಅವರು.

ಬಾಯಿ ಸುಟ್ಟಿದೆ ಎಂದುಕೊಂಡಳು ಸೌಮ್ಯಾ. ಬಾಗಿಲು ಬಡಿದು ಕೂಗಿದಳು. ಒಳಗಿನಿಂದ ಬಂದದ್ದು ತಲೆಬುಡ ತಿಳಿಯದ ತೊದಲು. ನಾಲಿಗೆಯೂ ಬಿದ್ದುಹೋಗುತ್ತಿದೆ ಎಂದುಕೊಂಡಳು. ಅಜ್ಜಿ ಸಾಯುತ್ತಾರೆ, ಕೊಂದವಳು ತಾನು.

ಅಮ್ಮ ಕೆಲಸಕ್ಕೆ ಹೋಗಿಯಾಗಿತ್ತು. ಅಪ್ಪ ಈರೇಶ್ ದೊಡ್ಡನೆಕ್ಕುಂದಿಯ ಫ್ಯಾಕ್ಟರಿಯಲ್ಲಿದ್ದರು. ಫೋನ್ ಇದ್ದದ್ದು ಕೆಳಗೆ, ಮನೆ ಓನರ್ ರಾಮಕ್ಕನ ಹಜಾರದಲ್ಲಿ. ಸೌಮ್ಯಾ ಇಳಿದು ಹೋಗಿ ಫೋನ್ ಮಾಡಿದರೆ ಫ್ಯಾಕ್ಟರಿಯ ಆಪರೇಟರ್, ಸಾಹೇಬರು ಮೆಷಿನ್ ಹತ್ತಿರ ಇದ್ದಾರೆ, ಹೇಳಿಕಳಿಸುತ್ತೇನೆ ಎಂದು ಇಟ್ಟುಬಿಟ್ಟಳು.

"ಯಾಕ್ ಮಗ, ಇಂಗೆ ನಡುಗ್ತಾ ಇದ್ದೀಯ?" ರಾಮಕ್ಕ ಕೇಳಿದಳು.

ಅಜ್ಜಿ ಯಾವುದೋ ಔಷಧದ ನೀರು ಕುಡಿದುಬಿಟ್ಟಿದ್ದಾರೆ ಎಂದಷ್ಟೇ ಸೌಮ್ಯಾ ಹೇಳಿದಳು. ಯಾವ ನೀರು, ಯಾವ ಬಟ್ಟಲು ಎನ್ನಲು ಬಾಯಿ ಬರಲಿಲ್ಲ. ರಾಮಕ್ಕ ವಾಂತಿ ಮಾಡಿಸಲೆಂದು ಒಂದು ಚೊಂಬು ನೀರಿಗೆ ಹಿಡಿ ಉಪ್ಪು ಸುರಿದು ಮೆಟ್ಟಿಲು ಹತ್ತಿದಳು. ಅವಳ ಗಂಡ ಮುನಿಯಣ್ಣ ಆಟೋ ನಿಲ್ಲಿಸಿ ಹಿಂದೆಯೇ ಬಂದ.

"ಅಮ್ಮಾರೇ, ಬಾಗ್ಲು ತೆಗೀರಿ. ಇಲ್ದಿದ್ರೆ ನಮ್ಮೆಜಮಾನ್ರು ಒಡೀತಾರೆ."

ಚಿಲಕ ಸರಿಯಿತು. ಅಜ್ಜಿ ಬಾಗಿಲಲ್ಲಿ ನಿಂತಿದ್ದರು. ಸೆರಗಿನ ಮರೆಯಲ್ಲೂ ಕಾಣುತ್ತಿತ್ತು, ಕೆನ್ನೆ ಒಳಕ್ಕೆ ಬಿದ್ದಿತ್ತು, ಗಲ್ಲ ಮೂಗಿನ ಹತ್ತಿರ ಬಂದಿತ್ತು. ಬೆಳಿಗ್ಗೆ ಕಂಡ ಅಜ್ಜಿ ಇವರೇ ಎನ್ನಲಾಗದಷ್ಟು ಮುಪ್ಪಾಗಿದ್ದರು. ರಾಮಕ್ಕ ಚೊಂಬನ್ನು ತುಟಿಗೆ ಹಿಡಿದರೆ ತಳ್ಳಿದರು, ಏನೋ ಹೇಳಹೋದರು, ಬರಿಯ ಗಾಳಿ ಬಂತು. ಬಾಯಿ ಸೊಟ್ಟಗಾಗುತ್ತಿದೆ, ಬೇಗ ಎತ್ತಿ ಎಂದು ರಾಮಕ್ಕ ಗಂಡನಿಗೆ ಅವಸರ ಮಾಡಿದಳು.

ಸೌಮ್ಯಾ ಅಜ್ಜಿಯ ಕಾಲು ಹಿಡಿದು ಕುಸಿದಳು.

"ನಿನ್ನ ಪಾದೋದಕದ ಬಟ್ಟಲಲ್ಲಿ ನಾನು ಕ್ಲಿಪ್ ನೆನೆಸಿದ್ದೆ ಅಜ್ಜಿ. ಅದು ಮಾತ್ರೆ ನೀರು, ಕುಡಿಯೋ ಹಾಗಿಲ್ಲ. ನಾನೇ ನಿನ್ನ ಸಾಯಿಸ್ಬಿಟ್ಟೆ."

ಅಜ್ಜಿ ರಾಮಕ್ಕನನ್ನು ನೋಡಿದರು, ಎತ್ತಲು ಬಗ್ಗಿದ್ದ ಮುನಿಯಣ್ಣನನ್ನು ನೋಡಿದರು. ಆಮೇಲೆ ತಮ್ಮ ಪಾದದ ಮೇಲೆ ಬಿಕ್ಕುತ್ತಿದ್ದ ಮಗುವನ್ನು ನೋಡಿದರು. ಮಂಚದ ಮೇಲೆ ಕುಳಿತು ಅದರ ತಲೆ ನೇವರಿಸಿದರು. ಸೆರಗನ್ನು ಬಾಯಿಂದ ತೆಗೆದು, ಒಂದೊಂದೇ ಮಾತನ್ನು ಕಷ್ಟಪಟ್ಟು ಹೊರಡಿಸಿದರು.

"ಅಳಬ್ಯಾಡವಾ. ಆ ನೀರು ನಾ ಕುಡದಿಲ್ಲ."

ಮತ್ತೆ, ತಲೆ ತಗ್ಗಿಸಿ, ಮಂಚದ ಕೆಳಗಿನಿಂದ ತಟ್ಟೆ ಮುಚ್ಚಿದ್ದ ಒಂದು ಗಾಜಿನ ಲೋಟವನ್ನು ಎಳೆದು ಎಲ್ಲರ ಮುಂದಿಟ್ಟರು.

ಸೌಮ್ಯಾಳ ಕ್ಲಿಪ್ ತೊಳೆದು ಉಳಿದ ನೀರಿನಲ್ಲಿ, ಗುಲಾಬಿ ಒಸಡಿನ ಸಮೇತ, ಅಜ್ಜಿಯ ಹಲ್ಲಿನ ಮೇಲಿನ ಸಾಲೂ ಕೆಳಗಿನ ಸಾಲೂ ಮುಳುಗಿದ್ದವು.