ಎರಡನೆಯ ಸಹಿ

ಸಂಜೆ ನಾಲ್ಕು ಇಪ್ಪತ್ತಕ್ಕೆ ವೆಂಡೆಲ್ ಏಳನೆಯ ಸಲ ಅಳೆದ. ಮತ್ತೆ ಅದೇ ಅಂಕಿ: 41.2 ನ್ಯಾನೊಮೀಟರ್. ಅದು ಸಹೋದ್ಯೋಗಿ ಕೊರಿನ್ ತಯಾರಿಸಿದ್ದ ತೆಳುಪದರದ ದಪ್ಪ. ಮೇರಿಲ್ಯಾಂಡ್‌ನ ಆ ಅಳತೆ ಪ್ರಯೋಗಾಲಯದಲ್ಲಿ ಪಿಎಚ್‌ಡಿ ಮುಗಿಸಿದವರಿಗೆ ಇದ್ದದ್ದು ಒಂದೇ ಸಂಶೋಧನಾ ಹುದ್ದೆ. ಇಬ್ಬರಿಗೂ ಅದೇ ಬೇಕಿತ್ತು. ಒಬ್ಬರ ಅಳತೆಯನ್ನು ಇನ್ನೊಬ್ಬರು ತಾವೇ ಅಳೆದು ಸಹಿ ಹಾಕದೆ ಅಲ್ಲಿಂದ ಯಾವ ಅಂಕಿಯೂ ಹೊರಗೆ ಹೋಗುವುದಿಲ್ಲ.

"ಒಂದ್ಸಲ ಅಳೆದ್ರೆ ಸಾಕಿತ್ತಲ್ಲೋ," ಎಂದಳು ಬಾಗಿಲಲ್ಲಿ ನಿಂತಿದ್ದ ಕೊರಿನ್. "ಐದಕ್ಕೆ ಅರ್ಜಿ ಹಾಕೋ ಸಮಯ ಮುಗಿಯುತ್ತೆ, ಈ ಅಂಕಿ ಅದರಲ್ಲಿ ಇರ್ಲೇಬೇಕು. ತಪ್ಪು ಸಿಕ್ತಾ?"

"ಹುಡುಕ್ತಾ ಇದೀನಿ."

"ಅದು ನಿನ್ನ ಮುಖ ನೋಡಿದ್ರೇ ಗೊತ್ತಾಗುತ್ತೆ."

ಐದರವರೆಗೆ ಅವನು ಪೆನ್ನು ಎತ್ತದಿದ್ದರೆ ಸಾಕು, ಅವಳ ಅರ್ಜಿ ಅಲ್ಲೇ ಉಳಿಯುತ್ತಿತ್ತು. ವೆಂಡೆಲ್ ಎಂಟನೆಯ ಸಲ ಅಳೆದ. 41.2. ಅವನು ಎಂಟೂ ಅಂಕಿಗಳ ಕೆಳಗೆ ಸಹಿ ಹಾಕಿ, ಅವಳ ಮುಖ ನೋಡದೆ ಹಾಳೆ ಚಾಚಿದ.

ಕೊರಿನ್ ಅಲ್ಲೇ ನಿಂತು ಲೆಕ್ಕ ಹಾಕಿದಳು. ಒಂದರ ಬದಲು ಎಂಟು ಸಲ ಅಳೆದದ್ದರಿಂದ ಅವಳ ಫಲಿತಾಂಶದ ಅನಿಶ್ಚಿತತೆ ಸುಮಾರು ಮೂರನೇ ಒಂದು ಭಾಗಕ್ಕೆ ಇಳಿದು, ಅಂಕಿ ಇನ್ನಷ್ಟು ಗಟ್ಟಿಯಾಗಿತ್ತು.

"ನಂಗಂತೂ ಇಷ್ಟು ತಾಳ್ಮೆ ಇರ್ಲಿಲ್ಲ ಕಣೋ," ಎಂದಳು.

ನಾಲ್ಕು ಐವತ್ತೆರಡಕ್ಕೆ ಅರ್ಜಿ ಹೋಯಿತು. ಮಾರ್ಚ್‌ನಲ್ಲಿ ಹುದ್ದೆ ಅವಳಿಗೆ ಸಿಕ್ಕಿತು.