ಸಾರಿಸಿದ ನೆಲದಂಥ ಚಿತ್ರ

ಸಗಣಿ ಸಾರಿಸಿದ ವಾಸನೆ ಬಂದರೆ ಇವತ್ತಿಗೂ ನನಗೆ ಕೆ.ಆರ್. ಪೇಟೆಯ ಆ ಮಧ್ಯಾಹ್ನವೇ ನೆನಪಾಗುತ್ತದೆ.

ಅವ್ವ ತೀರಿಕೊಂಡು ತಿಂಗಳಾಗಿತ್ತು. ಸೂತಕ ಕಳೆಯಲೆಂದು ಹನ್ನೊಂದನೆಯ ದಿನ ಅತ್ತೆ ಮನೆಯನ್ನೆಲ್ಲ ಸಾರಿಸಿದ್ದಳು. ನೆಲದಲ್ಲಿ ಉಳಿದಿದ್ದ ಅವ್ವನ ಬೆರಳ ಗೆರೆಗಳು ಅದರಡಿ ಮುಚ್ಚಿಹೋಗಿದ್ದವು.

ಸರ್ಕಾರಿ ಗ್ಯಾಲರಿಯವರು ತಮ್ಮ ಸಂಗ್ರಹದಿಂದ ಪೇಟೆಗೆ ತಂದಿಟ್ಟಿದ್ದ ಅಮೂರ್ತ ಚಿತ್ರಗಳನ್ನು ತೋರಿಸಲು ಅಪ್ಪ ನನ್ನನ್ನು ಕರೆದುಕೊಂಡು ಹೋಗಿದ್ದ. ಮನುಷ್ಯರೂ ಮರಗಳೂ ಇಲ್ಲದ ಆ ಚಿತ್ರಗಳನ್ನು ದಾಟುತ್ತ ಬಂದವನು ಕಂದು ಬಣ್ಣದ ಒಂದರ ಮುಂದೆ ನಿಂತುಬಿಟ್ಟ. ಅದರ ತುಂಬ ಒಂದರ ಪಕ್ಕ ಒಂದು ಬಾಗಿದ ಗೆರೆಗಳು.

"ನಿಮ್ಮವ್ವ ಇಂಗೇ ಅಲ್ವೇನವ್ವ ಸಾರಿಸ್ತಿದ್ದುದು," ಎನ್ನುತ್ತ ಚಪ್ಪಲಿ ಬಿಟ್ಟ.

ಕಾವಲಿನವನು ಹತ್ತಿರ ಬಂದು, "ಮುಟ್ಬ್ಯಾಡಿ ಅಣ್ಣ," ಎಂದ.

"ಮುಟ್ಟಾಕಿಲ್ಲ ಕಣಪ್ಪ." ಅಪ್ಪ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. "ಇದ್ರ ಮ್ಯಾಲೆ ಯಾರೂ ಸಾರ್ಸಾಕಿಲ್ಲ ತಾನೆ?"